ಬಾಲ ಬಿಚ್ಚದ ಕ್ಯಾರವಾನ್

ಎಲ್ಲಕ್ಕೂ ಮೂಲ ಅರ್ಧ ಕಪ್ ಚಹಾ.

ಹೋದ ತಿಂಗಳು ಎರಲ್ ಪ್ಯಾಸ್ಕೋ ಹೊಸದಾಗಿ ಕೊಂಡ ಕ್ಯಾರವಾನನ್ನು, ಆ ಚಕ್ರದ ಮೇಲಿನ ಪುಟ್ಟ ಮನೆಯನ್ನು, ತನ್ನ ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಟ್ರೆವೆನ್ ಊರಿನ ಹೊರಗೆ ಒಂದು ಸುತ್ತು ಹೋಗಿದ್ದ. ಪಕ್ಕದಲ್ಲಿ ಹೆಂಡತಿ ಗ್ಲೆನಿಸ್, ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಆಟಕ್ಕೆಂದು ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ತೊಟ್ಟು ಚಹಾ ಹೀರುತ್ತಾ ಕೂತಿದ್ದಳು. ಇಳಿಜಾರಿನಲ್ಲಿ ಹಿಂದಿನ ಕ್ಯಾರವಾನ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಡೆಯನ ಕಂಡ ನಾಯಿಯ ಬಾಲದ ಹಾಗೆ ಅಲ್ಲಾಡಿತು. ಹೆಚ್ಚೇನಲ್ಲ, ಎರಡೇ ಸಲ. ಆದರೆ ಚಹಾ ಕಪ್ಪಿನಲ್ಲಿ ಉಳಿಯಲಿಲ್ಲ.

ಗ್ಲೆನಿಸ್ ಕೂಗಾಡುವ ಹೆಂಗಸಲ್ಲ. ಕರವಸ್ತ್ರದಿಂದ ತೊಡೆ ಒರೆಸಿಕೊಂಡಳು, ಕಿಟಕಿಯಾಚೆ ನೋಡಿದಳು, ಆಮೇಲೆ ತಣ್ಣಗೆ ಹೇಳಿದಳು: "ಎರಲ್, ಇದು ಇನ್ನೊಂದು ಸಲ ಹೀಗೆ ಬಾಲ ಬಿಚ್ಚಿದರೆ ಈ ಚಳಿಗಾಲಕ್ಕೆ ನಾವು ಕೆಲ್ವಿನ್ ಜೊತೆ ಬೆಚ್ಚಗಿರೋ ಉತ್ತರಕ್ಕೆ ಹೋಗೋಣ. ಅವನ ಕ್ಯಾರವಾನ್‌ನಲ್ಲಿ."

ಎರಲ್ ಪಿಕಪ್ಪಿನ ವೇಗ ಇಳಿಸಿದ.

ಕೆಲ್ವಿನ್ ಎಂದರೆ ಗ್ಲೆನಿಸಳ ಅಣ್ಣ. ಅದೇ ಬೀದಿಯಲ್ಲಿ ಎರಡು ಮನೆ ಆಚೆಗೆ ಅವನ ವಾಸ. ಒಂದು ಕಾಲದಲ್ಲಿ ಆ ಸೀಮೆಗೆಲ್ಲ ಟ್ರ್ಯಾಕ್ಟರು ಮಾರಿದವನು. ಅವನ ಬಳಿ ಮನೆಯಷ್ಟು ಎತ್ತರದ ಟ್ರಕ್ಕು, ಅದರ ಹಿಂದೆ ರೈಲು ಡಬ್ಬಿಯಷ್ಟು ಉದ್ದದ ಕ್ಯಾರವಾನ್. ಅದರ ಮುಂಭಾಗದಲ್ಲಿ ಅವನಿಗೂ ಅವನ ಹೆಂಡತಿ ನೋಲಾಳಿಗೂ ದೊಡ್ಡ ಹಾಸಿಗೆ. ಹಿಂಭಾಗದಲ್ಲಿ ಮೊಮ್ಮಕ್ಕಳಿಗೆಂದು ಒಂದರ ಮೇಲೊಂದು ಎರಡು ಅಟ್ಟಣಿಗೆ ಹಾಸಿಗೆ. ಒಂದು ಕ್ರಿಸ್‌ಮಸ್ಸಿನಲ್ಲಿ ಎರಲ್ ಆ ಮೇಲಿನ ಅಟ್ಟಣಿಗೆಯಲ್ಲಿ ಮಲಗಿ, ಬೆಳಿಗ್ಗೆ ಮಡಚಿದ ಕೊಡೆಯ ಹಾಗೆ ಕೆಳಗಿಳಿದಿದ್ದ. ನೆಟ್ಟಗಾಗಲು ಮಧ್ಯಾಹ್ನವಾಗಿತ್ತು. ಅಟ್ಟಣಿಗೆಯನ್ನಾದರೂ ಸಹಿಸಬಹುದು, ಕೆಲ್ವಿನನ ಬಾಯಿಯನ್ನು? ಅವನು ಟೋಸ್ಟಿಗೆ ಬೆಣ್ಣೆ ಹಚ್ಚುವುದಕ್ಕೂ ಒಂದು ಸರಿಯಾದ ವಿಧಾನ ಇದೆ ಎಂದು ನಂಬಿದವನು. ಎರಲ್ ಒಮ್ಮೆ ಬೆನ್ನು ಹಿಡಿದು ಮಲಗಿದಾಗ ಆ ಬೇಸಿಗೆ ಪೂರ್ತಿ ಕೆಲ್ವಿನ್ ಬಂದು ಅವನ ಅಂಗಳದ ಹುಲ್ಲು ಕತ್ತರಿಸಿದ್ದ. ಕತ್ತರಿಸಿದಷ್ಟು ಸಲವೂ ಕಿಟಕಿಯ ಹೊರಗೆ ನಿಂತು, "ಎಂಥಾ ದರಿದ್ರ ಯಂತ್ರನೋ ಇದು" ಎಂದು ಬೈದಿದ್ದ.

ಅಂಥವನ ಜೊತೆ ಚಳಿಗಾಲವಿಡೀ! ಎರಲ್ ಕಂಡ ಕನಸು ಬೇರೆಯೇ ಇತ್ತು. ತಾನು, ಗ್ಲೆನಿಸ್, ತಮ್ಮದೇ ಪುಟ್ಟ ಕ್ಯಾರವಾನ್, ಎಲ್ಲಿ ಮನಸ್ಸಾದರೆ ಅಲ್ಲಿ ನಿಲ್ಲುವುದು, ಗಾಳ ಹಾಕುವುದು, ಸುಮ್ಮನಿರುವುದು.

"ಇನ್ನೊಂದು ಅವಕಾಶ ಕೊಡು," ಎಂದ.

"ಕೊಟ್ಟೆ. ಏಪ್ರಿಲ್‌ನಲ್ಲಿ ಪೋರ್ಟ್ ಹ್ಯಾಲೊರನ್‌ವರೆಗೆ ಹೋಗೋಣ. ದಾರಿಯುದ್ದಕ್ಕೂ ನನ್ನ ಕೈಯಲ್ಲಿ ಚಹಾ ಇರತ್ತೆ. ಒಂದು ತೊಟ್ಟೂ ಚೆಲ್ಲದಿದ್ದರೆ ಉತ್ತರಕ್ಕೆ ನಾವಿಬ್ಬರೇ. ಚೆಲ್ಲಿದರೆ ಕೆಲ್ವಿನ್."

ಈ ಅವಮಾನ ಎರಲನಿಗೆ ಹೆಚ್ಚೇ ನಾಟಿತು. ಯಾಕೆಂದರೆ ಅವನು ಬದುಕಿಡೀ ಮಾಡಿದ ಕೆಲಸವೆಂದರೆ ರಸ್ತೆಗಳಿಗೆ ಬಿಳಿ ಗೆರೆ ಎಳೆಯುವುದು. ಆ ಸೀಮೆಯ ಒಂದೊಂದು ರಸ್ತೆಯ ನಡುಗೆರೆ, ಅಂಚುಗೆರೆ ಎರಲನ ಕೈಯವು, ದಾರ ಹಿಡಿದಷ್ಟು ನೆಟ್ಟಗೆ. ಸ್ಮಶಾನದ ತಿರುವಿನ ಬಳಿ ಒಂದೇ ಒಂದು ಕಡೆ ಅಂಚುಗೆರೆ ಸ್ವಲ್ಪ ಬಾಗಿದೆ. ಅಲ್ಲಿ ಆ ದಿನ ತೂಕಡಿಕೆ ಹಲ್ಲಿ ಎಂದು ಆ ಕಡೆ ಕರೆಯುವ ಜಾತಿಯ ಒಂದು ಹಲ್ಲಿ ಬಿಸಿಲು ಕಾಯುತ್ತಾ ಮಲಗಿತ್ತು. ಮೊಳದುದ್ದದ ಆ ಸೋಮಾರಿ ಪ್ರಾಣಿಯನ್ನು ಎಬ್ಬಿಸಲು ಎರಲನಿಗೆ ಮನಸ್ಸು ಬರಲಿಲ್ಲ. ಗೆರೆಯನ್ನೇ ಅದರ ಸುತ್ತ ಬಾಗಿಸಿ ಮುಂದೆ ಹೋದ. ಕೆಲ್ವಿನ್ ಇಂದಿಗೂ ಅದನ್ನು ಬಿಟ್ಟಿಲ್ಲ. "ಹಲ್ಲಿಗೆ ದಾರಿ ಬಿಟ್ಟ ಇಂಜಿನಿಯರು," ಎನ್ನುತ್ತಾನೆ.

ಹೊರಡುವ ದಿನ ಬೆಳಿಗ್ಗೆ ಎರಲ್ ಬಚ್ಚಲಮನೆಯ ತೂಕದ ಯಂತ್ರವನ್ನು ಅಂಗಳಕ್ಕೆ ತಂದಿಟ್ಟ. ತಟ್ಟೆ, ಪಾತ್ರೆ, ಹೊದಿಕೆ, ಗಾಳದ ಕೋಲು, ಏನೇ ಒಳಗೆ ಹೋಗಬೇಕಾದರೂ ಮೊದಲು ಅದರ ಮೇಲೆ ಹತ್ತಿ ಇಳಿಯಬೇಕು. ಕೆಲ್ವಿನನೂ ನೋಲಾಳೂ ತಮ್ಮ ದೊಡ್ಡ ಗಾಡಿಯನ್ನು ಬೀದಿಯಲ್ಲಿ ನಿಲ್ಲಿಸಿ ತಮಾಷೆ ನೋಡಲು ಬಂದರು. ಅವರೂ ಹಿಂದೆಯೇ ಬರುವವರಿದ್ದರು. "ನೀನು ಗುಂಡಿಗೆ ಬಿದ್ದರೆ ಎತ್ತೋಕೆ ಯಾರಾದರೂ ಬೇಕಲ್ಲ," ಎಂದಿದ್ದ ಕೆಲ್ವಿನ್.

"ಇದೇನೋ ಎರಲ್, ಚಮಚಾನೂ ತೂಗ್ತೀಯಾ?"

"ನಗು, ನಗು. ಈ ಪಿಕಪ್ಪು ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ, ನಡುವಿನದು. ಇದರ ಬೆನ್ನಿಗೆ ಒಂದು ಲೆಕ್ಕ ಇದೆ. ನಾವು, ನಮ್ಮ ಚೀಲ, ಕೊಂಡಿಯ ಮೇಲೆ ಕೂರೋ ಭಾರ, ಎಲ್ಲ ಸೇರಿ ಆ ಲೆಕ್ಕದೊಳಗೇ ಇರಬೇಕು. ಇನ್ನೊಬ್ಬ ಮನುಷ್ಯ ಹತ್ತಿದರೂ ಮೀರತ್ತೆ."

"ಸರಿ. ಮತ್ತೆ ಬಾಲ ಯಾಕೆ ಅಲ್ಲಾಡ್ತು?"

"ಭಾರ ಹಿಂದಕ್ಕಿತ್ತು. ಎತ್ತಿನ ಗಾಡಿ ನೋಡಿಲ್ವಾ, ಹಿಂಭಾರ ಆದರೆ ಮೂಕಿ ಮೇಲೇಳತ್ತೆ. ಇದೂ ಹಾಗೇ. ಕ್ಯಾರವಾನಿನ ಹತ್ತನೇ ಒಂದು ಪಾಲು ತೂಕ ಈ ಕೊಂಡಿಯ ಮೇಲೆ ಕೂರಬೇಕು. ಕಮ್ಮಿ ಆದರೆ ಬಾಲ ಬಿಚ್ಚತ್ತೆ. ಜಾಸ್ತಿ ಆದರೆ ಪಿಕಪ್ಪಿನ ಮೂತಿ ಆಕಾಶ ನೋಡತ್ತೆ. ಭಾರದ್ದು ಕೆಳಗೆ, ಚಕ್ರದ ಮೇಲೆ. ಹಗುರದ್ದು ಮೇಲೆ. ಅಷ್ಟೇ ವೇದಾಂತ."

"ಭಾರದ್ದು ಕೆಳಗೆ, ಹಗುರದ್ದು ಮೇಲೆ," ಎಂದು ಕೆಲ್ವಿನ್ ಪಾಠ ಒಪ್ಪಿಸುವ ಹುಡುಗನ ಹಾಗೆ ಹೇಳಿದ. ಎರಲನಿಗೆ ಅದು ಗೇಲಿಯಂತೆಯೇ ಕೇಳಿಸಿತು.

ಎರಲ್ ಒಲೆ ಆರಿದೆಯೇ ಎಂದು ನೋಡಿ ಬರಲು ಮನೆಯೊಳಗೆ ಹೋದ. ಅಷ್ಟರಲ್ಲಿ ಎರಡು ಉಪಕಾರಗಳು ನಡೆದುಹೋದವು. ಪಿಕಪ್ಪಿನ ಹಿಂಭಾಗ ತುಸು ತಗ್ಗಿದ್ದನ್ನು ಕಂಡು ಕೆಲ್ವಿನನಿಗೆ ಮರುಕ ಹುಟ್ಟಿತು. "ಪಾಪ, ಗಬ್ಬದ ಎಮ್ಮೆ ಹಾಗೆ ಕೂತಿದೆ," ಎನ್ನುತ್ತಾ ಮುಂಭಾಗದಲ್ಲಿದ್ದ ಹತಾರದ ಪೆಟ್ಟಿಗೆಯನ್ನೂ ಬೀಡುಕಬ್ಬಿಣದ ದೊಡ್ಡ ಬೋಗುಣಿಯನ್ನೂ ಎತ್ತಿ ಕ್ಯಾರವಾನಿನ ಕಟ್ಟಕಡೆಯ ಗೂಡಿನಲ್ಲಿಟ್ಟ. ಅದೇ ಹೊತ್ತಿಗೆ ಪಕ್ಕದ ಮನೆಯ ಮುದುಕಿ ಐಡಾ ಟ್ರೆಝೀಸ್ ತನ್ನ ಗಿಡದ ನಿಂಬೆಹಣ್ಣುಗಳನ್ನು ಒಂದು ಮೂಟೆ ಕಟ್ಟಿ, ಕೈಬಂಡಿಯಲ್ಲಿ ತಳ್ಳಿಕೊಂಡು ಬಂದಳು. "ಪ್ರಯಾಣದವರಿಗೆ ನಿಂಬೆ ಬೇಕಾಗತ್ತೆ. ಹೇಳಿದರೆ ಬೇಡ ಅಂತಾನೆ," ಎಂದು ನೋಲಾಳಿಗೆ ಕಣ್ಣು ಹೊಡೆದು, ಆ ಮೂಟೆಯನ್ನೂ ಕೆಲ್ವಿನನಿಂದ ಅದೇ ಗೂಡಿಗೆ ನೂಕಿಸಿ ಬಾಗಿಲು ಹಾಕಿದಳು.

ಎರಲ್ ಬಂದು ನೋಡಿದಾಗ ಪಿಕಪ್ಪು ನೆಟ್ಟಗೆ ನಿಂತಿತ್ತು. "ನೋಡಿದೆಯಾ ಗ್ಲೆನಿಸ್, ಲೆಕ್ಕ ಹಾಕಿ ತುಂಬಿದರೆ ಹೇಗಿರತ್ತೆ ಅಂತ!" ಎಂದು ಎದೆಯುಬ್ಬಿಸಿ, ಕೊಂಡಿಯನ್ನು ಇನ್ನೊಮ್ಮೆ ಅಲ್ಲಾಡಿಸಿ ನೋಡಿ, ಸರಪಳಿಗಳನ್ನು ಅಡ್ಡಡ್ಡ ಬಿಗಿದು, ಹಿಂದಿನ ದೀಪಗಳನ್ನು ಎರಡೆರಡು ಸಲ ಹಚ್ಚಿ ಆರಿಸಿ ಹೊರಟೇಬಿಟ್ಟ. ಗ್ಲೆನಿಸ್ ಸಾಸರ್ ಸಮೇತ ತುಂಬಿದ ಕಪ್ಪು ಹಿಡಿದು, ನ್ಯಾಯಾಧೀಶರ ಹಾಗೆ ನೆಟ್ಟಗೆ ಕೂತಳು.

ಆ ದಾರಿಯಲ್ಲಿ ಓಡಾಡುವ ಪ್ರತಿ ಕ್ಯಾರವಾನಿನಲ್ಲೂ ಲಾರಿಯಲ್ಲೂ ಒಂದು ಸಣ್ಣ ರೇಡಿಯೊ ಇರುತ್ತದೆ. ಎಲ್ಲರೂ ಒಂದೇ ಅಲೆಯಲ್ಲಿ ಮಾತಾಡುತ್ತಾರೆ, ಎಲ್ಲರೂ ಎಲ್ಲರ ಮಾತು ಕೇಳುತ್ತಾರೆ. ಊರ ಬಾವಿಕಟ್ಟೆಯನ್ನು ಹೆದ್ದಾರಿಯುದ್ದಕ್ಕೂ ಎಳೆದು ಹಾಸಿದಂತೆ. ಊರು ದಾಟುತ್ತಿದ್ದಂತೆ ಅದರಲ್ಲಿ ನೋಲಾಳ ದನಿ ಶುರುವಾಯಿತು. ಕೆಲ್ವಿನ್ ಗುಂಡಿ ಒತ್ತಿದ್ದನ್ನು ಬಿಡಲು ಮರೆತಿದ್ದ.

"ಎಡಕ್ಕೆ ತಿರುವು, ಕೆಲ್ವಿನ್. ಯಾಲಂಡಾ ನಲವತ್ತು ಕಿಲೋಮೀಟರು, ಕೆಲ್ವಿನ್. ಮುಂದೆ ಸೈಕಲ್ಲು, ಕೆಲ್ವಿನ್. ಕಾಂಗರೂ, ಕೆಲ್ವಿನ್. ಸತ್ತಿದೆ, ಪರವಾಗಿಲ್ಲ."

"ಇವಳೇನು ಹೀಗೆ?" ಎಂದ ಎರಲ್.

"ದಾರಿಯುದ್ದಕ್ಕೂ ಮಾತಾಡ್ತಾ ಹೋಗೋದು ಕೆಲವರಿಗೆ ಇಷ್ಟ," ಎಂದಳು ಗ್ಲೆನಿಸ್, ಕಪ್ಪಿನ ಮೇಲಿಂದ ಕಣ್ಣೆತ್ತದೆ.

ಅರ್ಧ ಗಂಟೆ ಎಲ್ಲವೂ ಸರಿಯಿತ್ತು. ಆಮೇಲೆ ಉದ್ದನೆಯ ಇಳಿಜಾರು ಬಂತು. ಬೆನ್ನಹಿಂದೆ ಏನೋ ಮಿಸುಕಿದಂತಾಯಿತು. ಕನ್ನಡಿಯಲ್ಲಿ ಕ್ಯಾರವಾನಿನ ಎಡ ಮೂಲೆ ಕಂಡಿತು, ಮರೆಯಾಯಿತು, ಬಲ ಮೂಲೆ ಕಂಡಿತು.

"ಎರಲ್! ಕೇಳಿಸ್ತಾ?" ರೇಡಿಯೊದಲ್ಲಿ ಕೆಲ್ವಿನ್ ಅಬ್ಬರಿಸಿದ. "ನಿನ್ನ ಹಿಂಭಾಗ ಕುಣೀತಾ ಇದೆ! ಬ್ರೇಕ್ ಹಾಕು!"

"ಯಾವನೋ ಅವನು ಬ್ರೇಕ್ ಹಾಕು ಅಂದಿದ್ದು?" ಎಂದು ಗುರುತಿಲ್ಲದ ಹೆಣ್ಣು ದನಿಯೊಂದು ನುಗ್ಗಿತು. "ಮಾರಾಯಾ, ಬ್ರೇಕ್ ಮುಟ್ಟಬೇಡ. ಎಕ್ಸಲರೇಟರಿಂದ ಕಾಲು ತೆಗಿ, ಸಾಕು. ನಾನು ನಿನ್ನ ಮುಂದಿನ ಕುರಿ ಲಾರಿ. ಜಾಯ್ಲೀನ್ ಅಂತ."

"ವೇಗ ಹೆಚ್ಚಿಸು ಮರೀ," ಎಂದಿತು ಇನ್ನೊಂದು ಮುದಿ ದನಿ. "ನಾನು ಈ ದೇಶಾನ ಎಷ್ಟು ಸುತ್ತು ಸುತ್ತಿದೀನೋ ನನಗೇ ನೆನಪಿಲ್ಲ. ಎಳೆದರೆ ತಾನಾಗೇ ನೆಟ್ಟಗಾಗತ್ತೆ."

"ಎಳೆದರೆ ನೇರ ಸ್ಮಶಾನಕ್ಕೆ," ಎಂದಳು ಜಾಯ್ಲೀನ್.

"ಹೆಂಡತೀನ ಹಿಂದಿನ ಸೀಟಲ್ಲಿ ಕೂರಿಸು, ಸಮ ಆಗತ್ತೆ," ಎಂದ ಮತ್ತೊಬ್ಬ.

ಗ್ಲೆನಿಸ್ ಎಡಗೈಯಲ್ಲಿ ಕಪ್ಪು ಹಿಡಿದೇ ಬಲಗೈಯಿಂದ ರೇಡಿಯೊ ಎತ್ತಿಕೊಂಡಳು. "ಹೆಂಡತಿ ಕೇಳಿಸ್ಕೋತಾ ಇದಾಳೆ," ಎಂದಳು. ಹೆದ್ದಾರಿಯೆಲ್ಲ ಗಪ್‌ಚಿಪ್ಪಾಯಿತು.

ಎರಲ್ ಯಾರ ಮಾತೂ ಕೇಳಲಿಲ್ಲ, ಅಥವಾ ಕೇಳಿದ್ದು ಜಾಯ್ಲೀನಳದೊಂದನ್ನೇ. ಸ್ಟೀರಿಂಗ್ ಚಕ್ರವನ್ನು ಅತ್ತಿತ್ತ ತಿರುಗಿಸದೆ ನೆಟ್ಟಗೆ ಹಿಡಿದ. ಕಾಲು ತೆಗೆದ. ಮೊಣಕಾಲ ಬಳಿ, ಕ್ಯಾರವಾನಿನ ಚಕ್ರಗಳಿಗಷ್ಟೇ ಬ್ರೇಕ್ ಹಾಕುವ ಪುಟ್ಟ ಗುಂಡಿಯೊಂದಿತ್ತು. ಅದನ್ನು ಮಗುವಿನ ಕೆನ್ನೆ ಮುಟ್ಟುವಷ್ಟು ಮೆಲ್ಲಗೆ ಒತ್ತಿದ. ಬಾಲ ಇನ್ನೊಮ್ಮೆ ಅಲ್ಲಾಡಿ, ಮತ್ತೆ ಅರ್ಧ ಅಲ್ಲಾಡಿ, ಸುಮ್ಮನಾಯಿತು.

ಚಹಾ ಕಪ್ಪಿನ ಅಂಚಿಗೆ ಬಂದು ಇಣುಕಿ ವಾಪಸು ಹೋಗಿತ್ತು.

"ಚೆಲ್ಲಿತಾ?"

ಗ್ಲೆನಿಸ್ ಸಾಸರನ್ನು ಬೆಳಕಿಗೆ ಹಿಡಿದು ನೋಡಿದಳು. "ಇಲ್ಲ. ಆದರೆ ಯೋಚನೆ ಮಾಡಿತ್ತು."

ಯಾಲಂಡಾದಲ್ಲಿ ಗೋಧಿಯ ಎತ್ತರದ ಕಣಜಗಳ ಕೆಳಗೆ ಲಾರಿ ತೂಗುವ ಒಂದು ಹಾಸು ಇದೆ. ಎರಲ್ ಅಲ್ಲಿಗೆ ಗಾಡಿ ತಿರುಗಿಸಿದ. ಜಾಯ್ಲೀನಳ ಕುರಿ ಲಾರಿಯೂ ಅಲ್ಲೇ ನಿಂತಿತ್ತು. ತೂಕದ ಕೋಣೆಯಲ್ಲಿ ಮೆರ್ಲ್ ಎಂಬ ದಪ್ಪನೆಯ ಹೆಂಗಸು ಉಣ್ಣೆಯ ಟೋಪಿ ಹೆಣೆಯುತ್ತಾ ಕೂತಿದ್ದಳು.

"ಬಾ ಚಿನ್ನ, ಹತ್ತಿಸು," ಎಂದಳು. ಎರಲನಿಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವಳು, ಆದರೆ ಅವಳಿಗೆ ಎಲ್ಲರೂ ಚಿನ್ನವೇ. ಕುರಿಗಳೂ.

ಕೊಂಡಿ ಹಾಕಿ ಒಮ್ಮೆ, ಕಳಚಿ ಒಮ್ಮೆ ತೂಗಿದರೆ ಕ್ಯಾರವಾನಿನ ಎಷ್ಟು ಭಾರ ಪಿಕಪ್ಪಿನ ಬೆನ್ನ ಮೇಲೆ ಕೂತಿದೆ ಎಂದು ತಿಳಿಯುತ್ತದೆ. ಗೋಡೆಯ ಮೇಲೆ ಆ ವ್ಯತ್ಯಾಸದ ಕೆಂಪು ಅಂಕಿಗಳು ಮೂಡಿದವು.

"ಸರಿಯಾಗೇ ಇದೆಯಲ್ಲೋ, ನೂರೆಂಬತ್ತು!" ಎಂದ ಕೆಲ್ವಿನ್.

"ನೂರು," ಎಂದಳು ಮೆರ್ಲ್, ಹೆಣಿಗೆಯಿಂದ ತಲೆಯೆತ್ತದೆ.

"ಬಿಸಿಲು ಕಣ್ಣಿಗೆ ಬೀಳ್ತಾ ಇದೆ," ಎಂದ ಕೆಲ್ವಿನ್. ಬಿಸಿಲು ಅವನ ಬೆನ್ನಿಗಿತ್ತು.

ನೂರು ಕಿಲೋ ಎಂದರೆ ಇರಬೇಕಾದ್ದರ ಅರ್ಧ. ಎರಲ್ ತಲೆ ಕೆರೆದುಕೊಂಡು ಹಿಂದಿನ ಗೂಡು ತೆಗೆದ. ಮೂಟೆ ಬಿಚ್ಚಿ ನಿಂಬೆಹಣ್ಣುಗಳು ದಬದಬನೆ ಉದುರಿ ಹಾಸಿನ ಮೇಲೆಲ್ಲ ಉರುಳಿದವು. ಅವುಗಳ ಹಿಂದೆ ಬೋಗುಣಿ. ಅದರ ಹಿಂದೆ ಹತಾರದ ಪೆಟ್ಟಿಗೆ.

"ಇದನ್ನ ಯಾರು ಇಲ್ಲಿಟ್ಟಿದ್ದು?"

"ನಿನ್ನ ಪಿಕಪ್ಪಿಗೆ ಸಹಾಯ ಮಾಡೋಣ ಅಂತ," ಎಂದ ಕೆಲ್ವಿನ್. ಆ ಮುಖದಲ್ಲಿ ಅಷ್ಟು ಪ್ರಾಮಾಣಿಕವಾದ ಕಕ್ಕಾಬಿಕ್ಕಿ ಕಂಡು ಎರಲನಿಗೆ ಬೈಯಲಾಗಲಿಲ್ಲ.

ಜಾಯ್ಲೀನ್ ಇಳಿದು ಬಂದಳು. ಹುಲ್ಲು ಹೇರಿದ ಲಾರಿಯವನೊಬ್ಬನೂ ಬಂದ. ಅಂಚೆ ಹಾಕಲು ಬಂದವರು, ಅಂಗಡಿಗೆ ಹೊರಟವರು ಬಂದರು. ಪೆಟ್ಟಿಗೆ ಎಲ್ಲಿಡಬೇಕು ಎಂದು ಪ್ರತಿಯೊಬ್ಬರೂ ಒಂದೊಂದು ತೀರ್ಪು ಕೊಟ್ಟರು. ಬೋಗುಣಿ ಒಳಗೆ ಹೋಯಿತು, ಹೊರಗೆ ಬಂತು, ಮತ್ತೆ ಒಳಗೆ ಹೋಯಿತು. ಒಮ್ಮೆ ಎಲ್ಲವನ್ನೂ ಕ್ಯಾರವಾನಿನ ಮೂತಿಗೆ ತುಂಬಿದಾಗ ಪಿಕಪ್ಪಿನ ಹಿಂಭಾಗ ಕುಸಿದು ಮುಂದಿನ ದೀಪಗಳು ಮೇಲೆ ನೋಡಿದವು, ಬಾಯಿ ಮುಕ್ಕಳಿಸುವವನ ಹಾಗೆ. ಎರಲ್ ಬೇಸರಿಸಲಿಲ್ಲ. ಪೆಟ್ಟಿಗೆಯನ್ನು ಚಕ್ರಗಳ ನೇರಕ್ಕೆ ನೆಲದ ಮೇಲೆ, ಬೋಗುಣಿಯನ್ನು ಅದಕ್ಕಿಂತ ಒಂದು ಗೇಣು ಮುಂದೆ ಇಟ್ಟು ಪಟ್ಟಿ ಬಿಗಿದ. ಮೆರ್ಲ್ ಪ್ರತಿ ಸಲವೂ ಸೂಜಿ ಕೆಳಗಿಟ್ಟು ತೂಗಿದಳು. ಕೊನೆಗೆ ತಾನೇ ಎದ್ದು ಬಂದು, "ಈಗ ಚೆಂದ ಕೂತಿತು ಚಿನ್ನ," ಎಂದಳು. ಎರಲ್ ಜೇಬಿಗೆ ಕೈ ಹಾಕಿದರೆ, "ಹೋಗೋ, ನಾಲ್ಕು ನಿಂಬೆಹಣ್ಣು ಕೊಡು, ಸಾಕು," ಎಂದಳು. ನಾಲ್ಕೇಕೆ, ಬಂದವರೆಲ್ಲ ಜೇಬು ತುಂಬಿಕೊಂಡರು. ನೋಲಾ ಮನೆಯಲ್ಲಿ ಮಾಡಿ ತಂದಿದ್ದ ಪ್ಯಾಸ್ಟಿಗಳನ್ನು ಬಿಚ್ಚಿದಳು. ಮಾಂಸ, ಬಟಾಟೆ ತುಂಬಿದ ಆ ಕಡುಬಿನಂಥದನ್ನು ಅಲ್ಲೇ ನಿಂತು ತಿಂದರು. ಕೆಲ್ವಿನನದನ್ನು ನೋಲಾ ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದಳು. ಎರಲ್ ಅದನ್ನು ನೋಡಿದ. ಇಷ್ಟು ವರ್ಷವಾದರೂ ಎಂಥ ಪ್ರೀತಿ ಎಂದುಕೊಂಡ.

ಅಲ್ಲಿಂದ ಮುಂದಿನ ಪಯಣ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಸಾಗಿತು. ಇಳಿಜಾರು ಬಂತು, ಬಾಲ ಅಲ್ಲಾಡಲಿಲ್ಲ. ಎದುರಿನಿಂದ ಮೂರು ಡಬ್ಬಿಯ ದೈತ್ಯ ಲಾರಿ ಬಂದು ಗಾಳಿಯನ್ನು ಗೋಡೆಯ ಹಾಗೆ ನೂಕಿತು, ಬಾಲ ಅಲ್ಲಾಡಲಿಲ್ಲ. ಗ್ಲೆನಿಸ್ ಹೊಸದಾಗಿ ಬಗ್ಗಿಸಿಕೊಂಡ ಚಹಾ ಕನ್ನಡಿಯ ಹಾಗೆ ನಿಶ್ಚಲವಾಗಿತ್ತು.

"ಸೈ, ನಿಂಬೆಹಣ್ಣಿನ ರಾಜಾ!" ಎಂದಳು ರೇಡಿಯೊದಲ್ಲಿ ಜಾಯ್ಲೀನ್. ಯಾರೋ ಹಾರನ್ ಒತ್ತಿದರು.

ಕೆಲ್ವಿನ್ ಮಾತ್ರ ಮೆಲ್ಲಗೆ, "ಪರವಾಗಿಲ್ಲ ಕಣೋ, ಎರಲ್," ಎಂದ. ಅವನ ಟ್ರಕ್ಕು, ಹಸುವಿನ ಹಿಂದಿನ ಕರುವಿನಂತೆ, ಬಿಟ್ಟೂ ಬಿಡದೆ ಹಿಂದೆಯೇ ಬರುತ್ತಿತ್ತು.

"ಸ್ವಲ್ಪ ದೂರ ಇರು ಅಂತ ಹೇಳು ನಿಮ್ಮಣ್ಣನಿಗೆ," ಎಂದ ಎರಲ್. ಗ್ಲೆನಿಸ್ ಕನ್ನಡಿಯಲ್ಲಿ ಆ ಟ್ರಕ್ಕನ್ನೊಮ್ಮೆ ನೋಡಿ ಚಹಾ ಹೀರಿದಳು.

ಪೋರ್ಟ್ ಹ್ಯಾಲೊರನ್ನಿನ ಕ್ಯಾರವಾನ್ ಬಿಡಾರಕ್ಕೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಅಲ್ಲಿ ಆ ಹೊತ್ತಿಗೆ ಎಲ್ಲರೂ ಕುರ್ಚಿಗಳನ್ನು ಸಮುದ್ರದ ಕಡೆಯಿಂದ ದಾರಿಯ ಕಡೆಗೆ ತಿರುಗಿಸಿಕೊಂಡು, ಗ್ಲಾಸು ಹಿಡಿದು ಕೂರುತ್ತಾರೆ. ಸೂರ್ಯಾಸ್ತ ದಿನಾ ಇರುತ್ತದೆ. ಹೊಸಬ ಕ್ಯಾರವಾನನ್ನು ಹಿಮ್ಮುಖವಾಗಿ ಜಾಗಕ್ಕೆ ಸೇರಿಸುವ ನಾಟಕ ದಿನಕ್ಕೆ ಒಂದೋ ಎರಡೋ.

ಎರಲನ ಜಾಗ ಒಂದು ಮರಕ್ಕೂ ನೀರಿನ ನಲ್ಲಿಯ ಕಂಬಕ್ಕೂ ನಡುವೆ. ಕೆಲ್ವಿನ್ ಇಳಿದು ಬಂದು ಕೈಬೀಸಿದ. "ಬಾ, ಬಾ, ಬೇಕಾದಷ್ಟು ಜಾಗ ಇದೆ, ಬಾ!"

ಕನ್ನಡಿಯಲ್ಲಿ ಎರಲನಿಗೆ ಕಂಬ ಎರಡು ಗೇಣು ದೂರದಲ್ಲೇ ಕಾಣುತ್ತಿತ್ತು. ಕೆಲ್ವಿನ್ ಬೇಕೆಂದೇ ಕಂಬಕ್ಕೆ ಗುದ್ದಿಸಲು ನೋಡುತ್ತಿದ್ದಾನೆ ಎಂದುಕೊಂಡ. ಹಲ್ಲು ಕಚ್ಚಿ, ಕೆಲ್ವಿನನನ್ನು ನೋಡುವುದನ್ನೇ ಬಿಟ್ಟು, ಸ್ಟೀರಿಂಗ್ ಚಕ್ರದ ಕೆಳಭಾಗ ಹಿಡಿದು, ಬಾಲ ಎತ್ತ ಹೋಗಬೇಕೋ ಕೈಯನ್ನು ಅತ್ತಲೇ ಸರಿಸುತ್ತಾ ಮೆಲ್ಲಮೆಲ್ಲಗೆ ಹಿಂದೆ ಸರಿದ. ಕ್ಯಾರವಾನ್ ಮರಕ್ಕೂ ಕಂಬಕ್ಕೂ ನಡುವೆ, ಲಕೋಟೆಗೆ ಕಾಗದ ಇಳಿದ ಹಾಗೆ ಇಳಿಯಿತು.

ಕುರ್ಚಿಗಳಿಂದ ಚಪ್ಪಾಳೆ. ಸ್ವಲ್ಪ ನಿರಾಶೆಯ ಚಪ್ಪಾಳೆಯೇ, ಆದರೂ ಚಪ್ಪಾಳೆ.

ಅವರ ನಿರಾಶೆ ಬಹಳ ಹೊತ್ತು ಉಳಿಯಲಿಲ್ಲ. ಮುಂದಿನ ಸರದಿ ಕೆಲ್ವಿನನದು. ರೈಲು ಡಬ್ಬಿ ಹಿಂದೆ ಸರಿಯಿತು. ನೋಲಾ, "ನಲ್ಲಿ, ಕೆಲ್ವಿನ್, ನಲ್ಲಿ!" ಎಂದಳು. ಟಪ್ಪೆಂದು ಸದ್ದಾಯಿತು. ಕಂಬ ಬಾಗಿ ನೀರು ಆಳೆತ್ತರಕ್ಕೆ ಚಿಮ್ಮಿ, ಕುರ್ಚಿ, ಗ್ಲಾಸು, ಹುರಿಗಡಲೆ, ಪ್ರೇಕ್ಷಕರು, ಎಲ್ಲವೂ ತೊಯ್ದು ತೊಪ್ಪೆಯಾದವು. ಎರಲನೇ ಓಡಿ ಹೋಗಿ ನೆಲದ ಮುಚ್ಚಳ ಎತ್ತಿ ನೀರು ನಿಲ್ಲಿಸಿದ. ಬಿಡಾರದವರು ಬಯ್ಯಲಿಲ್ಲ. ಒಬ್ಬಾಕೆ ಒಣ ಟವಲು ತಂದು ಮೊದಲು ಕೆಲ್ವಿನನ ಹೆಗಲಿಗೇ ಹೊದಿಸಿದಳು.

"ಬಿಸಿಲು ಕಣ್ಣಿಗೆ ಬಿತ್ತು," ಎಂದ ಕೆಲ್ವಿನ್. ಸೂರ್ಯ ಮುಳುಗಿ ಆಗಿತ್ತು.

ಎರಲನ ಸಂತೋಷಕ್ಕೆ ಪಾರವಿರಲಿಲ್ಲ. ಪಿಕಪ್ಪಿನ ಬಾಗಿಲು ತೆರೆದು ಸಾಸರ್ ನೋಡಿದ. ಒಣಗಿದ ಎಲೆಯಂತೆ ಒಣಗಿತ್ತು.

"ಒಂದು ತೊಟ್ಟಾದರೂ ಚೆಲ್ಲಿದೆಯಾ?"

"ಇಲ್ಲ. ನೀನು ಗೆದ್ದೆ," ಎಂದಳು ಗ್ಲೆನಿಸ್. ಅವಳ ದನಿಯಲ್ಲಿ ಮೆಚ್ಚುಗೆ ಇತ್ತು, ಜೊತೆಗೆ ಇನ್ನೇನೋ ಇತ್ತು. ಎರಲ್ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಮಡಿಸುವ ಕುರ್ಚಿ ಬಿಡಿಸಿ ಕೂತು, ಉತ್ತರದ ನಕ್ಷೆ ತೊಡೆಯ ಮೇಲೆ ಹರಡಿ, ಮೊದಲ ಗಾಳ ಎಲ್ಲಿ ಹಾಕುವುದು ಎಂದು ಬೆರಳಿಟ್ಟು ನೋಡತೊಡಗಿದ.

ಕೆಲ್ವಿನನೂ ನೋಲಾಳೂ ಬಂದರು. ನೋಲಾ ಅವನ ಮೊಣಕೈ ಹಿಡಿದು ಕುರ್ಚಿಯವರೆಗೆ ಕರೆತಂದಳು. ಅವನು ಕೈಯಿಂದ ಕುರ್ಚಿಯ ಅಂಚು ತಡವಿ ನೋಡಿ ಕೂತ.

"ಲೋ ಎರಲ್," ಎಂದ ಕೆಲ್ವಿನ್. "ಪಾಸಾದೆ ಕಣೋ."

"ಯಾವುದರಲ್ಲಿ?"

"ಮುಂದಿನ ತಿಂಗಳು ನನ್ನ ಹುಟ್ಟುಹಬ್ಬ. ಅವತ್ತಿಗೆ ಲೈಸೆನ್ಸ್ ಮುಗಿಯತ್ತೆ. ಕಣ್ಣಿನ ಡಾಕ್ಟರು ಇನ್ನು ಸಹಿ ಹಾಕಲ್ಲ ಅಂದ್ರು. ನಡುಭಾಗ ಹೋಗಿಬಿಟ್ಟಿದೆ. ಅಂಚಲ್ಲಿ ಸ್ವಲ್ಪ ಕಾಣತ್ತೆ. ಇವತ್ತೇ ಕಡೇ ಸಲ ಅಂತ ನೋಲಾ ಹತ್ರ ಆಣೆ ಮಾಡಿ ಹೊರಟಿದ್ದು."

ಎರಲ್ ನಕ್ಷೆಯಿಂದ ಬೆರಳು ತೆಗೆದ.

"ಅದಕ್ಕೇನಾ ಅಂಟಿಕೊಂಡು ಬರ್ತಿದ್ದೆ?"

"ಬಿಳೀ ಕ್ಯಾರವಾನು, ದೊಡ್ಡದಾಗಿ ಕಾಣತ್ತೆ. ಅದು ಅಲ್ಲಾಡಿದಾಗ ನಾನೂ ಅಲ್ಲಾಡಿದೆ, ನೋಡಲಿಲ್ವಾ? ಅದಕ್ಕೇ ಕೂಗಿಕೊಂಡಿದ್ದು." ಕೆಲ್ವಿನ್ ನಕ್ಕ. ಆಮೇಲೆ ಬೇರೆಯದೇ ದನಿಯಲ್ಲಿ ಹೇಳಿದ: "ನಿನಗೊಂದು ಮಾತು ಹೇಳಬೇಕು ಕಣೋ. ಈಚೆಗೆ ಊರಲ್ಲಿ ನಾನು ಗಾಡಿ ಓಡಿಸಿದ್ದು ನಿನ್ನ ಅಂಚುಗೆರೆ ನೋಡ್ಕೊಂಡು. ಉಳಿದದ್ದೆಲ್ಲ ಮಂಜು. ಗೆರೆ ಒಂದು ಮಾತ್ರ ಕಾಣ್ತಿತ್ತು. ಅಷ್ಟು ನೆಟ್ಟಗೆ ಎಳೆದಿದೀಯಾ." ಮತ್ತೆ ಸೇರಿಸಿದ, "ಆ ಹಲ್ಲಿ ಹತ್ರ ಬಿಟ್ಟು. ಅಲ್ಲಿ ಎರಡು ಸಲ ಪೊದೆಗೆ ನುಗ್ಗಿದೀನಿ."

ಎರಲನ ಗೆರೆಯನ್ನು ಬದುಕಿನಲ್ಲಿ ಯಾರೂ ಹೀಗೆ ಹೊಗಳಿರಲಿಲ್ಲ.

"ನೋಲಾಗೆ ಓಡಿಸೋಕೆ ಬರಲ್ಲ," ಎಂದ ಕೆಲ್ವಿನ್. "ಕಡೇ ಸಲ ಉತ್ತರ ನೋಡಬೇಕು ಅಂತ ಆಸೆ, ಅಂಚಲ್ಲಾದರೂ ಕಾಣೋವಾಗಲೇ. ಯಾರನ್ನ ನಂಬೋದು ಅಂತ ಗ್ಲೆನಿಸ್‌ನ ಕೇಳಿದೆ. ಅವಳು, ತಡಿ, ನೋಡೋಣ ಅಂದಳು."

ಎರಲ್ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

"ಅರ್ಧ ಕಪ್ ಚಹಾ ಚೆಲ್ಲಿದ್ದಕ್ಕೆ ನಾನು ಇಷ್ಟು ರಂಪ ಮಾಡ್ತೀನಾ?" ಎಂದಳು ಗ್ಲೆನಿಸ್. "ಆ ಪ್ಯಾಂಟು ಒಂದೇ ಒಗೆತಕ್ಕೆ ಬೆಳ್ಳಗಾಯ್ತು."

"ನಾನು ಫೇಲಾಗಿದ್ದಿದ್ದರೆ?"

"ಆಗಿದ್ದರೆ ಯಾರೂ ಎಲ್ಲೂ ಹೋಗ್ತಿರಲಿಲ್ಲ. ನೀನು ಚಳಿಗಾಲವೆಲ್ಲ ಮನೇಲಿ, ನಿನ್ನ ಹಾಸಿಗೇಲಿ ಕಾಲು ಚಾಚಿ ಮಲಗಿರ್ತಿದ್ದೆ." ಅವಳು ಅವನ ಕಡೆ ಬಾಗಿ ದನಿ ತಗ್ಗಿಸಿದಳು. "ಮಾತು ಮಾತೇ. ಗೆದ್ದರೆ ನಾವಿಬ್ಬರೇ ಅಂದಿದೀನಿ. ನೀನು ಬೇಡ ಅಂದರೆ ಹಾಗೇ ಆಗಲಿ. ಆದರೆ ಅವನಿಗೆ ನೀನೇ ಹೇಳು."

ಎರಲ್ ಕೆಲ್ವಿನನನ್ನು ನೋಡಿದ. ಕೆಲ್ವಿನ್ ಸಮುದ್ರವನ್ನು ನೋಡುತ್ತಿದ್ದ, ತಲೆ ಸ್ವಲ್ಪ ಓರೆ ಮಾಡಿ, ಕಣ್ಣಿನ ಅಂಚಿನಿಂದ. ಎರಲನಿಗೆ ಒಂದು ಬೇಸಿಗೆ ನೆನಪಾಯಿತು. ಕಿಟಕಿಯ ಹೊರಗೆ ಹುಲ್ಲು ಕತ್ತರಿಸುವ ಸದ್ದು, ಅದಕ್ಕೂ ಮಿಗಿಲಾದ ಬೈಗುಳ.

"ನಮ್ಮ ಪಿಕಪ್ಪಲ್ಲೇ ಹೋಗಬಹುದಲ್ಲ," ಎಂದ, ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ. "ನಾಲ್ಕು ಜನ, ನಮ್ಮ ಕ್ಯಾರವಾನು. ನೀವಿಬ್ಬರೂ ಪಕ್ಕದಲ್ಲಿ ಡೇರೆ ಹಾಕ್ಕೊಂಡು..."

"ಇನ್ನೊಬ್ಬ ಮನುಷ್ಯ ಹತ್ತಿದರೂ ಲೆಕ್ಕ ಮೀರತ್ತೆ ಅಂದಿದ್ದು ನೀನೇ ಅಲ್ವಾ?" ಎಂದಳು ಗ್ಲೆನಿಸ್. "ಇಲ್ಲಿ ಇಬ್ಬರು. ಅದರಲ್ಲಿ ಒಬ್ಬ ಕೆಲ್ವಿನ್."

ಲೆಕ್ಕ ಸರಿಯಾಗಿತ್ತು. ಎರಲ್ ಒಂದು ನಿಟ್ಟುಸಿರು ಬಿಟ್ಟು ನಕ್ಷೆ ಮಡಚಿದ.

"ನಿನ್ನ ಟ್ರಕ್ಕಿನ ಕೀ ಎಲ್ಲಿದೆ, ಕೆಲ್ವಿನ್?"

ನೋಲಾ ಮೂಗು ಸೀಟಿಕೊಂಡಳು. ಕೆಲ್ವಿನ್ ಕೀ ಚಾಚಿದ, ಎರಲನ ಕೈಗಿಂತ ತುಸು ಆಚೆಗೆ. ಎರಲ್ ಕೈ ಸರಿಸಿ ತೆಗೆದುಕೊಂಡ. ಗ್ಲೆನಿಸ್ ಎದ್ದು ಬಿಸಿ ಚಹಾ ಬಗ್ಗಿಸಿ ಮೊದಲ ಕಪ್ಪನ್ನು ಗಂಡನಿಗೆ ಕೊಟ್ಟಳು. ಕಪ್ಪು ತುಂಬಿ ತುಳುಕುವಂತಿತ್ತು. ಎರಲ್ ಅದನ್ನು ಎರಡೂ ಕೈಯಲ್ಲಿ ಹಿಡಿದ.

"ಹಿಂದಿನ ಅಟ್ಟಣಿಗೆ ನಿಮಗೇ," ಎಂದ ಕೆಲ್ವಿನ್ ಹುರುಪಿನಿಂದ. ಹಳೆಯ ದನಿ ವಾಪಸಾಗಿತ್ತು. "ಗ್ಲೆನಿಸ್ ಕೆಳಗೆ, ನೀನು ಮೇಲೆ."

"ನಾನ್ಯಾಕೆ ಮೇಲೆ?"

"ಬೆಳಿಗ್ಗೆ ನೀನೇ ಪಾಠ ಮಾಡಿದೆಯಲ್ಲೋ. ಭಾರದ್ದು ಕೆಳಗೆ, ಹಗುರದ್ದು ಮೇಲೆ!"

ಗ್ಲೆನಿಸ್ ಚಹಾದ ಪಾತ್ರೆ ಕೆಳಗಿಟ್ಟಳು.

"ಯಾರೋ ಅದು ಭಾರದ್ದು?" ಎಂದಳು ಗ್ಲೆನಿಸ್, ತಣ್ಣಗೆ.

ಕೆಲ್ವಿನನಿಗೆ ಅವಳ ಮುಖ ಕಾಣಿಸಲಿಲ್ಲ. ಎರಲನಿಗೆ ಚೆನ್ನಾಗಿ ಕಾಣಿಸಿತು. ಅವನು ಕುರ್ಚಿ ಹಿಂದಕ್ಕೆ ಸರಿಸಿದ ರಭಸಕ್ಕೆ, ಬೆಳಗಿನಿಂದ ಸಂಜೆಯವರೆಗೆ ಇಳಿಜಾರು, ದೈತ್ಯ ಲಾರಿಯ ಗಾಳಿ ಯಾವುದಕ್ಕೂ ಒಂದು ತೊಟ್ಟೂ ಚೆಲ್ಲದಿದ್ದ ಚಹಾ, ಈಗ ಇಡೀ ಕಪ್ಪು, ಅವನ ತೊಡೆಯ ಮೇಲೆ ಚೆಲ್ಲಿತು.